ನಷ್ಟಕ್ಕ ನಷ್ಟ ಕೂಡಿಸಿದ್ರ? ರೆನೆಸಾಸ್ ಬೆಳೆದ ದಾರಿ

ಲ್ಯಾಬಿನಲ್ಲಿ ನಾವು ಮೈಕ್ರೋಕಂಟ್ರೋಲರ್ ಅಂದ್ರ 8051 ಅಂತಲೇ ಕಲಿಯುತ್ತೇವೆ. ಗಬ್ಬೂರ ಬೈಪಾಸಿನಲ್ಲಿ ಓಡುವ ಗಾಡಿಗಳ ಎಂಜಿನ್, ಬ್ರೇಕ್, ಏರ್‌ಬ್ಯಾಗ್‌ಗಳನ್ನು ನೋಡಿಕೊಳ್ಳುವ ಚಿಪ್‌ಗಳೇ ಬೇರೆ. ಅವನ್ನು ಮಾಡುವವರಲ್ಲಿ ದೊಡ್ಡ ಹೆಸರು ಜಪಾನಿನ ರೆನೆಸಾಸ್. ಇದು ಒಬ್ಬರು ಕಟ್ಟಿದ ಕಂಪನಿಯಲ್ಲ, ಹಲವರನ್ನು ಕೂಡಿಸಿದ್ದು.

2003ರಲ್ಲಿ ಹಿಟಾಚಿ ಮತ್ತು ಮಿತ್ಸುಬಿಷಿ ಎಲೆಕ್ಟ್ರಿಕ್ ತಮ್ಮ ಚಿಪ್ ವಿಭಾಗಗಳನ್ನು ಒಂದು ಮಾಡಿ ರೆನೆಸಾಸ್ ಟೆಕ್ನಾಲಜಿ ಶುರು ಮಾಡಿದವು. 2010ರಲ್ಲಿ ಎನ್‌ಇಸಿ ಎಲೆಕ್ಟ್ರಾನಿಕ್ಸ್ ಸೇರಿತು. ಎರಡೂ ಕಡೆ ನಷ್ಟವಿತ್ತು, ಕೂಡಿದ ಮೇಲೂ ನಷ್ಟ ನಿಲ್ಲಲಿಲ್ಲ. ಯಾಕಂದ್ರ ಒಂದೇ ನಮೂನಿ ಕೆಲಸಕ್ಕೆ ಹಿಟಾಚಿಯ ಸೂಪರ್‌ಎಚ್, ಮಿತ್ಸುಬಿಷಿಯ ಎಂ16ಸಿ, ಎನ್‌ಇಸಿಯ ವಿ850 ಎಲ್ಲಾ ಇದ್ದವು. ಒಂದನ್ನು ನಿಲ್ಲಿಸೋಣ ಅಂದ್ರ ಕಾರು ಕಂಪನಿಗಳು ಬಿಡುವುದಿಲ್ಲ; ಒಮ್ಮೆ ಆರಿಸಿದ ಚಿಪ್ ಅವರಿಗೆ ಹತ್ತು-ಹದಿನೈದು ವರ್ಷ ಸಿಗುತ್ತಲೇ ಇರಬೇಕು. ಹೀಗಾಗಿ ಕಾಗದದ ಮೇಲೆ ವಿಲೀನ ಒಂದೇ ದಿನದಲ್ಲಿ ಮುಗಿದರೂ ಸಿಲಿಕಾನ್ ಮೇಲೆ ಮುಗಿಯಲು ವರ್ಷಗಳೇ ಬೇಕಾದವು. ನಮಗೆ ಬಹಳ ಹಿಡಿಸಿದ್ದು ಆರ್‌ಎಲ್78 ಚಿಪ್: ಅದರ ಸಿಪಿಯು ಎನ್‌ಇಸಿಯ 78ಕೆ ಮನೆತನದ್ದು, ಪೆರಿಫೆರಲ್‌ಗಳಲ್ಲಿ ಮಿತ್ಸುಬಿಷಿ ಕಡೆಯ ಆರ್8ಸಿಯ ಅಂಶ. ನಿಜವಾದ ಬೀಗತನ ಆದದ್ದು ಅಲ್ಲಿ ನೋಡ್ರಿ!

2011ರ ಭೂಕಂಪಕ್ಕೆ ನಾಕಾ ಕಾರ್ಖಾನೆ ನಿಂತಾಗ ಜಗತ್ತಿನ ಕಾರು ಉತ್ಪಾದನೆಗೇ ಪೆಟ್ಟು ಬಿತ್ತು. 2013ರಲ್ಲಿ ಸರ್ಕಾರದ ಬೆಂಬಲವಿದ್ದ ನಿಧಿಯೊಂದು ಸುಮಾರು 69% ಪಾಲು ತೆಗೆದುಕೊಂಡು ಕಂಪನಿಯನ್ನು ಉಳಿಸಿತು. ಟೊಯೋಟಾ, ನಿಸ್ಸಾನ್ ಕೂಡ ಹಣ ಹಾಕಿದವು.

ಮುಂದಿನ ಖರೀದಿಗಳ ಲೆಕ್ಕವೇ ಬೇರೆ. ಇದ್ದದ್ದನ್ನೇ ಮತ್ತೆ ಕೂಡಿಸದೆ, ಇಲ್ಲದ್ದನ್ನು ತಂದರು: 2017ರಲ್ಲಿ ಇಂಟರ್‌ಸಿಲ್‌ನಿಂದ ಪವರ್ ಮತ್ತು ಅನಲಾಗ್, 2019ರಲ್ಲಿ ಐಡಿಟಿಯಿಂದ ಟೈಮಿಂಗ್, 2021ರಲ್ಲಿ ಡಯಲಾಗ್‌ನಿಂದ ಕಡಿಮೆ ವಿದ್ಯುತ್ತಿನ ಬ್ಲೂಟೂತ್. ಮೈಕ್ರೋಕಂಟ್ರೋಲರ್ ಕೊಂಡವನಿಗೆ ಅದರ ಸುತ್ತಲಿನ ಚಿಪ್‌ಗಳನ್ನೂ ಮಾರುವ ಜಾಣತನ ಇದು.

2022ರಲ್ಲಿ ಸರದಿ ಬೆಂಗಳೂರಿನ ಸ್ಟೆರಾಡಿಯನ್ ಸೆಮಿಕಂಡಕ್ಟರ್ಸ್‌ಗೆ ಬಂತು. 2016ರಲ್ಲಿ ಹುಟ್ಟಿದ ಈ ಸಣ್ಣ ಕಂಪನಿಯ ಕೆಲಸ 4ಡಿ ರಾಡಾರ್. ಹಳೆಯ ಕಾರು ರಾಡಾರ್ ದೂರ, ವೇಗ, ಅಡ್ಡ ಕೋನ ಹೇಳುತ್ತದೆ. ಎತ್ತರ ಸರಿಯಾಗಿ ಹೇಳದು. ರಾತ್ರಿ ಬೈಪಾಸಿನಲ್ಲಿ ಮುಂದೆ ಕಾಣುವುದು ಕೆಟ್ಟು ನಿಂತ ಲಾರಿಯೋ, ರಸ್ತೆ ಮೇಲಿನ ಸೇತುವೆಯೋ? ಎರಡೂ ನಿಂತ ವಸ್ತುಗಳೇ. ಎತ್ತರ ಗೊತ್ತಾಗದಿದ್ದರೆ ಬ್ರೇಕ್ ಹಾಕಬೇಕೋ ಬ್ಯಾಡೋ ತಿಳಿಯುವುದಿಲ್ಲ. 4ಡಿ ರಾಡಾರ್ ಆ ನಾಲ್ಕನೆಯ ಅಳತೆಯನ್ನು ಕೊಡುತ್ತದೆ, ಮಂಜು-ಕತ್ತಲಲ್ಲೂ.

ಇಂಥದ್ದನ್ನು ಮಾಡಿದವರು ಮಾರಿಕೊಳ್ಳಬೇಕಿತ್ತೇ? ನಮ್ಮ ಗುಂಪಿನಲ್ಲಿ ಇದಕ್ಕ ದೊಡ್ಡ ಜಗಳಾನ ಆತು. ಹದಿನೈದು ವರ್ಷ ಚಿಪ್ ಪೂರೈಸುತ್ತೇವೆಂಬ ಭರವಸೆಯನ್ನು ಸಣ್ಣ ಕಂಪನಿಯಿಂದ ಕಾರಿನವರು ನಂಬುವುದು ಕಷ್ಟ ಅಂತ ಅರ್ಧ ಮಂದಿ. ಹಂಗಾದ್ರ ನಮ್ಮ ಹೆಸರಿನ ಚಿಪ್ ಯಾವಾಗ ಅಂತ ಉಳಿದವರು.