ಎರ್ದಿಗ್ ಮಹಲು: ಹೊರಕಟ್ಟಡಗಳ ಕಡೆಯಿಂದ ಒಂದು ಓದು

ವೇಲ್ಸ್ ದೇಶದ ಈಶಾನ್ಯ ಭಾಗದಲ್ಲಿ, ರೆಕ್ಸಮ್ ನಗರದ ದಕ್ಷಿಣಕ್ಕೆ ಎರಡು ಮೈಲಿ ದೂರದಲ್ಲಿ ಎರ್ದಿಗ್ ಎಂಬ ಹಳೆಯ ಜಮೀನುದಾರಿ ಮಹಲಿದೆ. ದೊಡ್ಡ ಮನೆಗಳ ವಾಸ್ತುವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಮುಂಭಾಗದಿಂದ ತೊಡಗಿ, ಹಜಾರ, ಮೆಟ್ಟಿಲು, ಛಾವಣಿಯ ಗಾರೆಕೆಲಸ ಎಂದು ಸಾಗಿ, ಕೊನೆಗೆ ಒಂದು ವಾಕ್ಯದಲ್ಲಿ ಅಡಿಗೆಮನೆ, ಲಾಯಗಳನ್ನು ಹೆಸರಿಸಿ ಮುಗಿಸುತ್ತಾರೆ. ಎರ್ದಿಗ್‌ನ ಮಟ್ಟಿಗೆ ಈ ಕ್ರಮ ಸಲ್ಲದು. ಅಲ್ಲಿನ ಮುಖ್ಯ ಕಟ್ಟಡ ಸೊಗಸಾದುದೇ ಆದರೂ ಅದಕ್ಕೆ ಸಮನಾದವು ಬ್ರಿಟನ್ನಿನಲ್ಲಿ ಬೇರೆಯೂ ಇವೆ. ಅದರ ಹೊರಕಟ್ಟಡಗಳಂತೆ ಪೂರ್ಣವಾಗಿ ಉಳಿದುಬಂದವು ಮಾತ್ರ ವಿರಳ.

ಮಹಲನ್ನು ಕಟ್ಟಿಸಿದವನು ಡೆನ್‌ಬಿಷೈರಿನ ಷೆರೀಫನಾಗಿದ್ದ ಜೋಷುವಾ ಎಡಿಸ್‌ಬರಿ. 1684ರಿಂದ 1687ರ ಅವಧಿಯಲ್ಲಿ, ಮಿಡಲ್‌ವಿಚ್ಚಿನ ಕಲ್ಲುಕೆಲಸಗಾರ ಥಾಮಸ್ ವೆಬ್ ರೂಪಿಸಿದ ನಕ್ಷೆಯಂತೆ, ಒಂಬತ್ತು ಅಂಕಣಗಳ ಇಟ್ಟಿಗೆಯ ಮನೆ ಎದ್ದಿತು. ಕಟ್ಟಿಸಿದವನಿಗೆ ಅದು ದಕ್ಕಲಿಲ್ಲ. ಸಾಲ ಅವನನ್ನು ಮುಳುಗಿಸಿತು. ಸಾಲ ಕೊಟ್ಟವರಲ್ಲಿ ನೆರೆಯ ಪ್ಲಾಸ್ ಗ್ರೋನೊ ಮನೆತನದ ಎಲೈಹು ಯೇಲ್ ಒಬ್ಬ. ಈತನೇ 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದವನು. ಯೇಲ್ ಉಡುಗೊರೆಯಾಗಿ ಕಳುಹಿಸಿದ್ದೆಂದು ಹೇಳಲಾಗುವ ಅರಗಿನ ಮಡಿಕೆತೆರೆಯೊಂದು ಮಹಲಿನಲ್ಲಿದೆ. ಚೀನಾದಲ್ಲಿ ತಯಾರಾದ ಇಂಥ ತೆರೆಗಳಿಗೆ, ಅವು ಹಡಗೇರಿ ಬಂದ ಕರಾವಳಿಯ ನೆನಪಿನಿಂದ, ಯೂರೋಪಿನಲ್ಲಿ 'ಕೋರಮಂಡಲ' ಎಂಬ ಹೆಸರೇ ನಿಂತಿತು. ವೇಲ್ಸಿನ ಒಂದು ಮನೆಯ ಇಟ್ಟಿಗೆಗೂ ಮದರಾಸಿನ ವ್ಯಾಪಾರದ ಹಣಕ್ಕೂ ಇದ್ದ ನಂಟನ್ನು ಚೆನ್ನೈಯ ಓದುಗರು ಗಮನಿಸಬಹುದು.

1716ರಲ್ಲಿ ಮಹಲನ್ನು ಕೊಂಡ ಲಂಡನ್ನಿನ ನ್ಯಾಯಾಧಿಕಾರಿ ಜಾನ್ ಮೆಲ್ಲರ್ 1720ರ ದಶಕದಲ್ಲಿ ಎರಡೂ ಪಕ್ಕಗಳಿಗೆ ಎರಡೆರಡು ಅಂಕಣಗಳನ್ನು ಕೂಡಿಸಿದ. 1733ರಲ್ಲಿ ಅವನ ಮರಣಾನಂತರ ಆಸ್ತಿ ಸೋದರಳಿಯ ಸೈಮನ್ ಯಾರ್ಕನಿಗೆ ಬಂದು, 1973ರವರೆಗೂ ಆ ಮನೆತನದಲ್ಲೇ ಉಳಿಯಿತು. 1772-73ರಲ್ಲಿ ಜೇಮ್ಸ್ ವಯಟ್ ಪಶ್ಚಿಮದ ಮುಂಭಾಗಕ್ಕೆ ಕಲ್ಲಿನ ಹೊದಿಕೆ ತೊಡಿಸಿದ. ಬೀಸುವ ಗಾಳಿಮಳೆಯಿಂದ ಇಟ್ಟಿಗೆಯನ್ನು ಕಾಪಾಡುವುದು ಅದರ ಉದ್ದೇಶ. ಪೂರ್ವದ ತೋಟದ ಕಡೆ ಇಟ್ಟಿಗೆ ಹಾಗೆಯೇ ಇದೆ. ನೋಡುವವರಿಗೆ ಆ ಕಡೆಯೇ ಹೆಚ್ಚು ಆಪ್ತವಾಗುತ್ತದೆ.

ಇದೇ 1770ರ ದಶಕದಲ್ಲಿ ಸೇವಾಭಾಗವೂ ಹೊಸದಾಗಿ ರೂಪುಗೊಂಡಿತು. ಬೆಂಕಿಯ ಭಯದಿಂದ ಹೊಸ ಅಡಿಗೆಮನೆಯನ್ನು ಮುಖ್ಯ ಕಟ್ಟಡದಿಂದ ಬೇರ್ಪಡಿಸಿ ಕಟ್ಟಿದರು. ಎತ್ತರದ ಛಾವಣಿ, ದೊಡ್ಡ ಕಮಾನುಗಳು, ವಿಶಾಲವಾದ ಕಿಟಕಿ ಇವೆಲ್ಲ ಹೊಗೆ, ಬಿಸಿ, ಬೆಳಕುಗಳ ಲೆಕ್ಕದಿಂದ ಹುಟ್ಟಿದವು. ಆದರೂ ಅವುಗಳ ಘನತೆ ಹಜಾರಕ್ಕೆ ಕಡಿಮೆಯಲ್ಲ. ಗೋಡೆಯ ಮೇಲೆ ಮಾತ್ರ ಪೋಲುಮಾಡದಿದ್ದರೆ ಕೊರತೆಯಿಲ್ಲ ಎಂಬರ್ಥದ ಎಚ್ಚರಿಕೆ ಬರೆದಿದೆ. ಅಗಸಗೆಲಸದ ಅಂಗಳದಲ್ಲಿ ಒಗೆಯುವ ಕೋಣೆ ಬೇರೆ, ಒಣಗಿಸುವ ಕೋಣೆ ಬೇರೆ. ಬಿಸಿ ಮಾಡಿದ ಗೂಡಿನೊಳಗಿಂದ ಎಳೆದು ತೆಗೆಯುವ ಒಣಗುಚೌಕಟ್ಟುಗಳೂ, ಕಲ್ಲು ತುಂಬಿದ ಪೆಟ್ಟಿಗೆಯನ್ನು ಉರುಳೆಗಳ ಮೇಲೆ ಹಿಂದೆ ಮುಂದೆ ಓಡಿಸಿ ಬಟ್ಟೆಯ ಸುಕ್ಕು ತೆಗೆಯುವ ಭಾರಿ ಸಾಧನವೂ ಎರಡನೆಯದರಲ್ಲಿವೆ. ಅದರಾಚೆಗೆ ರೊಟ್ಟಿ ಸುಡುವ ಮನೆ, ಕುದುರೆಲಾಯದ ಅಂಗಳ, ಕಮ್ಮಾರಸಾಲೆ, ಬಡಗಿಯ ಕೆಲಸದ ಮನೆ, ಮರ ಕೊಯ್ಯುವ ಗುಂಡಿ. ಮೇಲೊಬ್ಬ, ಗುಂಡಿಯೊಳಗೊಬ್ಬ ನಿಂತು ಗರಗಸ ಎಳೆಯುತ್ತಿದ್ದರು. ಮರದ ಪುಡಿ ಯಾರ ಮುಖದ ಮೇಲೆ ಬೀಳುತ್ತಿತ್ತೆಂದು ಹೇಳಬೇಕಾಗಿಲ್ಲ.

ಇವುಗಳಲ್ಲಿ ದುಡಿದವರಲ್ಲಿ ಹಲವರ ಮುಖವೂ ಹೆಸರೂ ಉಳಿದಿರುವುದು ಎರ್ದಿಗ್‌ನ ವಿಶೇಷ. 1790ರ ದಶಕದಲ್ಲಿ ಮೊದಲನೆಯ ಫಿಲಿಪ್ ಯಾರ್ಕ್ ತನ್ನ ಸೇವಕರ ಚಿತ್ರಗಳನ್ನು ಡೆನ್‌ಬಿಯ ಜಾನ್ ವಾಲ್ಟರ್ಸ್ ಎಂಬ ಚಿತ್ರಕಾರನಿಂದ ಬರೆಸಿ, ಜೊತೆಗೆ ತಾನೇ ಪದ್ಯ ಕಟ್ಟಿದ. ಬಡಗಿ ಎಡ್ವರ್ಡ್ ಪ್ರಿನ್ಸ್, ಜೇಡರಬಲೆ ಗುಡಿಸುವ ಮುದುಕಿ ಜೇನ್ ಎಬ್ರೆಲ್ ಮೊದಲಾದವರು ಅಲ್ಲಿದ್ದಾರೆ. 1852ರಿಂದ ಛಾಯಾಚಿತ್ರಗಳು ಬಂದವು. ಒಬ್ಬೊಬ್ಬರೂ ತಮ್ಮ ಉಪಕರಣ ಹಿಡಿದು ನಿಂತಿದ್ದಾರೆ. ಇದನ್ನು ಯಜಮಾನರ ಔದಾರ್ಯವೆಂದಷ್ಟೇ ಕೊಂಡಾಡುವ ರೂಢಿಯಿದೆ. ಆದರೆ ಕಟ್ಟಡ ಬೇರೊಂದನ್ನು ಹೇಳುತ್ತದೆ. ಆ ಚಿತ್ರಗಳು ತೂಗಿರುವುದು ಅತಿಥಿಗಳ ಹಜಾರದಲ್ಲಲ್ಲ, ಸೇವಕರ ಊಟದ ಕೋಣೆಯಲ್ಲಿ, ನೆಲಮಾಳಿಗೆಯ ಓಣಿಯಲ್ಲಿ. ಸೇವಕಿಯರು ಮಲಗುತ್ತಿದ್ದುದು ಅಟ್ಟದಲ್ಲಿ. ನೆಲದಡಿಗೂ ಸೂರಿನಡಿಗೂ ನಡುವೆ ಯಜಮಾನರು ಬದುಕಿದರು. ಪ್ರೀತಿ ಇದ್ದಿರಬಹುದು. ನಕ್ಷೆಯಲ್ಲಿ ಅಂತರವೂ ಇತ್ತು.

ಇಪ್ಪತ್ತನೆಯ ಶತಮಾನದಲ್ಲಿ ಮಹಲು ನೆಲದೊಳಕ್ಕೇ ಕುಸಿಯತೊಡಗಿತು. ಬರ್ಷಮ್ ಕಲ್ಲಿದ್ದಲ ಗಣಿ ಮನೆಯ ಅಡಿಯನ್ನೇ ಕೊರೆದಿದ್ದರಿಂದ ಕಟ್ಟಡ ಒಂದು ಕಡೆ ಸುಮಾರು 5 ಅಡಿ ಇಳಿಯಿತು. ಗೋಡೆ ಬಿರಿದು, ಸೂರು ಸೋರಿತು. 1966ರಲ್ಲಿ ಆಸ್ತಿಗೆ ಬಂದ ಕೊನೆಯ ಫಿಲಿಪ್ ಯಾರ್ಕ್ 1973ರಲ್ಲಿ ಅದನ್ನು ನ್ಯಾಷನಲ್ ಟ್ರಸ್ಟಿಗೆ ದಾನವಾಗಿ ಕೊಟ್ಟ. ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯಿಂದ 1,20,000 ಪೌಂಡು ಪರಿಹಾರ ದೊರೆಯಿತು. ಅದು ಸಾಲದಾಗಿ 63 ಎಕರೆ ಉದ್ಯಾನಭೂಮಿಯನ್ನು ಮಾರಿ ದುರಸ್ತಿಯ ವೆಚ್ಚ ಹೊಂದಿಸಲಾಯಿತು. 1977ರಲ್ಲಿ ಮಹಲು ಸಾರ್ವಜನಿಕರಿಗೆ ತೆರೆಯಿತು. ಆಗ ಟ್ರಸ್ಟು ಕೈಗೊಂಡ ಒಂದು ನಿರ್ಧಾರ ಯಾವ ಪ್ರಬಂಧಕ್ಕಿಂತಲೂ ಅರ್ಥಪೂರ್ಣವಾದುದು. ನೋಡಲು ಬಂದವರನ್ನು ವಯಟ್‌ನ ಕಲ್ಲಿನ ಮುಂಭಾಗದಿಂದ ಒಳಗೆ ಬಿಡಲಿಲ್ಲ. ಬಡಗಿಯ ಕೆಲಸದ ಮನೆ, ಕುಲುಮೆ, ಲಾಯ, ಒಗೆಯುವ ಅಂಗಳ, ಅಡಿಗೆಮನೆ ಇವನ್ನು ಹಾದು, ನೆಲಮಾಳಿಗೆಯ ಓಣಿಯಲ್ಲಿ ಸೇವಕರ ಮುಖಗಳನ್ನು ನೋಡುತ್ತ, ಆಮೇಲೆಯೇ ಅವರು ಮೇಲಿನ ಕೋಣೆಗಳಿಗೆ ಹತ್ತಬೇಕಾಯಿತು.