ಎಲೆ ಬೇರಿನ ಪಾಲು

ನೋಡು ಮಗಳೇ, ವೇಕ್‌ಫೀಲ್ಡಿನಲ್ಲಿ ಮನೆ ಮಾಡಿ ಹಿತ್ತಲಲ್ಲಿ ರೂಬಾರ್ಬ್ ನೆಟ್ಟಿದ್ದೀಯಲ್ಲ, ಬಹಳ ಸಂತೋಷ. ಯಾರ್ಕ್‌ಶೈರಿನ ಮಳೆಗೂ ಚಳಿಗೂ ಚೆನ್ನಾಗಿ ಒಗ್ಗುವ ಗಿಡ ಅದು. ಆದರೆ ಅದರ ಎಲೆಯನ್ನು ಮಾತ್ರ ಅಡುಗೆಮನೆಗೆ ತರಬೇಡ. ಮೂಲಂಗಿ ಸೊಪ್ಪು, ಬೀಟ್‌ರೂಟ್ ಸೊಪ್ಪು, ನವಿಲುಕೋಸಿನ ಎಲೆ, ಏನನ್ನೂ ಎಸೆಯದೆ ಪಲ್ಯ ಮಾಡುವ ಮನೆಯಲ್ಲಿ ಬೆಳೆದವಳು ನೀನು. ಮೊರದಗಲದ ಆ ಎಲೆ ಕಂಡರೆ ಕೈ ತಾನಾಗಿ ಹೋಗುತ್ತದೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ವಿಪರೀತ, ಬೇಯಿಸಿದರೂ ಹೋಗುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, ತರಕಾರಿಗೆ ಬರವೆಂದು ಈ ಎಲೆಯನ್ನೂ ತಿನ್ನಬಹುದೆಂಬ ಸಲಹೆ ಬ್ರಿಟನ್ನಿನಲ್ಲಿ ಹಬ್ಬಿ, ತಿಂದವರು ಸತ್ತದ್ದುಂಟು. ನಮಗೆ ದಂಟು ಮಾತ್ರ.

ಎಲೆ ಬೇರಿನ ಪಾಲು. ಬೇಸಿಗೆಯಿಡೀ ಅದು ದುಡಿದು ಬೇರಿಗೆ ಕೂಡಿಟ್ಟದ್ದೇ ಮುಂದಿನ ವಸಂತದ ದಂಟು. ಅದಕ್ಕೇ ಮೊದಲ ವರ್ಷ ಒಂದು ದಂಟನ್ನೂ ಮುಟ್ಟಬೇಡ. ಎರಡನೆಯ ವರ್ಷ ರುಚಿಗೆ ನಾಲ್ಕು ಸಾಕು. ಆಮೇಲೂ ಒಂದೇ ಸಲಕ್ಕೆ ಅರ್ಧಕ್ಕಿಂತ ಹೆಚ್ಚು ಕೀಳಬೇಡ, ಜೂನ್ ಮುಗಿಯುತ್ತಲೇ ನಿಲ್ಲಿಸಿಬಿಡು. ಚಾಕು ಬೇಡ, ಕೊಯ್ದ ಮೋಟು ಕೊಳೆಯುತ್ತದೆ. ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚಿ ಎಳೆದರೆ ದಂಟು ಬುಡಸಮೇತ ಬರುತ್ತದೆ. ಹೂದಂಟು ಎದ್ದರೆ ಆಗಲೇ ಕಿತ್ತುಹಾಕು.

ನಿನ್ನ ಊರಿನ ಸುತ್ತಲಿನ ರೈತರು ಇದನ್ನು ಚೆನ್ನಾಗಿ ಬಲ್ಲರು. ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ನಡುವಿನ ರೂಬಾರ್ಬ್ ಸೀಮೆಯಲ್ಲಿ ಬೇರನ್ನು ಎರಡು ವರ್ಷ ಹೊಲದಲ್ಲಿ ಕೊಯ್ಲಿಲ್ಲದೆ ಬೆಳೆಸುತ್ತಾರೆ. ಹಿಮದ ಚಳಿ ತಾಗಿದ ಮೇಲೆ ಅಗೆದು, ಬೆಚ್ಚಗಿನ ಕತ್ತಲ ಕೊಟ್ಟಿಗೆಗಳಲ್ಲಿ ಜೋಡಿಸುತ್ತಾರೆ. ಬೆಳಕಿಲ್ಲದೆ, ಕೂಡಿಟ್ಟದ್ದನ್ನೇ ಕರಗಿಸಿ ಎದ್ದ ದಂಟು ಎಳೆಗುಲಾಬಿ, ಬಲು ಮೃದು. ಎಲೆ ಅಂಗೈಯಷ್ಟೂ ಇರದು, ಅದೂ ಹಳದಿ. ಮೇಣದಬತ್ತಿಯ ಬೆಳಕಿನಲ್ಲೇ ಕೊಯ್ಲು. 2010ರಲ್ಲಿ ಐರೋಪ್ಯ ಒಕ್ಕೂಟ ಆ ಬೆಳೆಯ ಹೆಸರಿಗೆ ರಕ್ಷಣೆ ಕೊಟ್ಟಿತು. ಫೆಬ್ರವರಿಯಲ್ಲಿ ಒಮ್ಮೆ ಹೋಗಿ ನೋಡಿ ಬಾ. ಆದರೆ ಕೊಯ್ಲು ಮುಗಿಯುವಷ್ಟರಲ್ಲಿ ಬೇರು ಬರಿದಾಗಿರುತ್ತದೆ, ಕೊನೆಗೆ ಗೊಬ್ಬರದ ಗುಂಡಿಗೇ ಹಾಕಬೇಕು. ಒಂದೇ ಗಿಡ ಇರುವ ಹಿತ್ತಲಲ್ಲಿ ಹಾಗೆ ಕತ್ತಲಲ್ಲಿ ಬೆಳೆಸುವ ಆಸೆ ಬೇಡ.

ಇನ್ನು ಅಡುಗೆ. ಅಲ್ಲಿಯವರು ಸಕ್ಕರೆ, ಶುಂಠಿ ಹಾಕಿ ಕ್ರಂಬಲ್ ಮಾಡುತ್ತಾರೆ; ಕಲಿತುಕೋ, ಕಸ್ಟರ್ಡ್ ಜೊತೆ ಸೊಗಸು. ನಮ್ಮ ಗೊಜ್ಜಿಗೂ ಅದು ಒಳ್ಳೆಯ ಹುಳಿಯೇ: ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆಗೆ ಹೆಚ್ಚಿದ ದಂಟು ಬೀಳಲಿ, ನೀರು ಬೇಡ, ಐದಾರು ನಿಮಿಷಕ್ಕೆ ಕರಗುತ್ತದೆ, ಬೆಲ್ಲ ಮಾತ್ರ ಧಾರಾಳವಾಗಿ ಹಾಕು. ತೊವ್ವೆಗಾದರೆ ಬೇಳೆ ಪೂರ್ತಿ ಬೆಂದ ಮೇಲೆ ಹಾಕು, ಹುಳಿ ಮೊದಲೇ ಸೇರಿದರೆ ಬೇಳೆ ಬೇಯುವುದಿಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲಿನದೇ ಇರಲಿ. ದಂಟಿನಲ್ಲೂ ಸ್ವಲ್ಪ ಆಕ್ಸಾಲಿಕ್ ಆಮ್ಲ ಇದ್ದೇ ಇದೆ; ಕಿಡ್ನಿಯಲ್ಲಿ ಕಲ್ಲಾದವರು ಊಟಕ್ಕೆ ಬಂದರೆ ಅವರಿಗೆ ಬೇರೆ ಗೊಜ್ಜು ಮಾಡು.