ಬಿದ್ದವರಿಗೆ ಬಾಗಿಲು ಮುಚ್ಚಬಹುದೇ?



ದೇವರು ಕರುಣಾಮಯಿ ಎಂಬ ಮಾತನ್ನು ಒಪ್ಪದ ಕ್ರೈಸ್ತರಿಲ್ಲ. ಆದರೆ ಆ ಕರುಣೆ ನಮಗೆ ಕೇಡು ಬಗೆದ ನೆರೆಯವನಿಗೂ, ಮನೆತನದ ಮಾನ ಕಳೆದ ಮಗನಿಗೂ ಸಲ್ಲುತ್ತದೆ ಎಂದಾಗ ನಮ್ಮ ಮನಸ್ಸು ಹಿಂಜರಿಯುತ್ತದೆ. ‘ಇಷ್ಟೆಲ್ಲ ಮಾಡಿದವನಿಗೆ ಇಷ್ಟು ಸುಲಭವಾಗಿ ಕ್ಷಮೆಯೇ?’ ಎಂದು ಕೇಳುತ್ತೇವೆ. ಬಿದ್ದವರು ನಾವೇ ಆಗಿದ್ದರೆ ಪ್ರಶ್ನೆ ಬೇರೆಯಾಗುತ್ತದೆ: ‘ಇಷ್ಟಾದ ಮೇಲೂ ದೇವರು ನನ್ನನ್ನು ಸೇರಿಸಿಕೊಳ್ಳುತ್ತಾರೆಯೇ?’ ಈ ಎರಡೂ ಪ್ರಶ್ನೆಗಳು ಮೂರನೆಯ ಶತಮಾನದಲ್ಲಿ ಇಡೀ ಧರ್ಮಸಭೆಯನ್ನೇ ಅಲುಗಾಡಿಸಿದವು. ಅಂದು ಧರ್ಮಸಭೆ ಕಂಡುಕೊಂಡ ಉತ್ತರ ಇಂದು ನಮ್ಮ ಮನೆಗಳಿಗೂ ಬೇಕಾಗಿದೆ.

ಒಂದು ಪತ್ರಕ್ಕಾಗಿ ವಿಶ್ವಾಸ ತೊರೆದವರು

ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸ್‌ನ ಆಜ್ಞೆ ಸಾಮ್ರಾಜ್ಯದಾದ್ಯಂತ ಜಾರಿಗೆ ಬಂತು. ಪ್ರಜೆಗಳು ಅಧಿಕಾರಿಗಳ ಎದುರಿನಲ್ಲಿ ದೇವತೆಗಳಿಗೆ ಬಲಿ ಅರ್ಪಿಸಿ, ಹಾಗೆ ಮಾಡಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕಾಗಿತ್ತು. ಅಂತಹ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ದೊರೆತಿವೆ. ಆ ವರ್ಷದ ಜನವರಿ 20ರಂದು ಜಗದ್ಗುರು ಸಂತ ಫೇಬಿಯನ್‌ರು ರೋಮಿನಲ್ಲಿ ರಕ್ತಸಾಕ್ಷಿಯಾದರು. ಅನೇಕರು ಸೆರೆಮನೆ ಸೇರಿದರು.

ಆದರೆ ಎಲ್ಲರೂ ಹಾಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಉತ್ತರ ಆಫ್ರಿಕಾದ ಕಾರ್ಥೇಜ್ ನಗರದಲ್ಲಿ, ಅಂದರೆ ಇಂದಿನ ಟ್ಯುನೀಷಿಯಾದಲ್ಲಿ, ಬಹುಮಂದಿ ಕ್ರೈಸ್ತರು ಕುಸಿದುಬಿದ್ದರು. ಕೆಲವರು ಬಲಿ ಅರ್ಪಿಸಿದರು, ಕೆಲವರು ಧೂಪ ಹಾಕಿದರು. ಇನ್ನು ಕೆಲವರು ಬಲಿಪೀಠದ ಹತ್ತಿರವೂ ಸುಳಿಯದೆ ಹಣ ಕೊಟ್ಟು ಪತ್ರ ಮಾತ್ರ ಪಡೆದುಕೊಂಡರು. ಹಿಂಸೆ ತಣ್ಣಗಾದಾಗ ಇವರಲ್ಲಿ ಬಹಳಷ್ಟು ಮಂದಿ ಮತ್ತೆ ದೇವರ ಮನೆಯ ಬಾಗಿಲಿಗೆ ಬಂದರು. ಅವರನ್ನು ಏನು ಮಾಡಬೇಕು?

ಎರಡು ಅಡ್ಡದಾರಿಗಳು

ಒಂದು ಗುಂಪು ಅವಸರಪಟ್ಟಿತು. ವಿಶ್ವಾಸಕ್ಕಾಗಿ ಸೆರೆಮನೆಯಲ್ಲಿ ನೋವುಂಡವರು ಬಿದ್ದವರ ಪರವಾಗಿ ಶಿಫಾರಸು ಪತ್ರ ಬರೆದುಕೊಡುತ್ತಿದ್ದರು. ಆ ಪತ್ರವನ್ನು ನೋಡಿದ್ದೇ ತಡ, ಕೆಲವು ಗುರುಗಳು ಯಾವ ಪ್ರಾಯಶ್ಚಿತ್ತವೂ ಇಲ್ಲದೆ ಪರಮಪ್ರಸಾದ ಕೊಡತೊಡಗಿದರು. ಬಿದ್ದದ್ದೂ ಒಂದು ಪತ್ರದಿಂದ, ಎದ್ದದ್ದೂ ಒಂದು ಪತ್ರದಿಂದ! ಹೃದಯಕ್ಕೆ ಏನೂ ಕೆಲಸವಿರಲಿಲ್ಲ.

ಇನ್ನೊಂದು ಗುಂಪು ಬಾಗಿಲಿಗೆ ಬೀಗ ಹಾಕಿತು. ರೋಮಿನ ನೊವಾಟಿಯನ್ ಎಂಬ ಪಂಡಿತ ಗುರು, ವಿಶ್ವಾಸ ನಿರಾಕರಿಸಿದವರನ್ನು ಮತ್ತೆ ಸೇರಿಸಿಕೊಳ್ಳುವಂತೆಯೇ ಇಲ್ಲ ಎಂದು ವಾದಿಸಿದನು. 251ರಲ್ಲಿ ಕರುಣೆಯ ಪಕ್ಷ ಹಿಡಿದ ಸಂತ ಕೊರ್ನೇಲಿಯುಸ್‌ರು ಜಗದ್ಗುರುಗಳಾಗಿ ಆಯ್ಕೆಯಾದಾಗ, ಅವರಿಗೆ ಎದುರಾಗಿ ತನ್ನದೇ ಪಂಗಡ ಕಟ್ಟಿದನು.

ಸಂತ ಸಿಪ್ರಿಯನ್‌ರ ಮಾರ್ಗ

ಆಗ ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದವರು ಸಂತ ಸಿಪ್ರಿಯನ್‌ರು. ಬಿದ್ದವರನ್ನು ಕುರಿತು ಅವರು 251ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅದರಲ್ಲಿ ಅವರು ಮೊದಲು ಅಳುತ್ತಾರೆ. ಬಿದ್ದವರ ಗಾಯ ತಮ್ಮದೇ ಗಾಯ ಎನ್ನುತ್ತಾರೆ. ಆಮೇಲೆ ವೈದ್ಯನ ಹೋಲಿಕೆ ಕೊಡುತ್ತಾರೆ. ಕೀವು ತುಂಬಿದ ಗಾಯವನ್ನು ನೋವಾದೀತೆಂದು ತೆರೆಯದೆ ಮೇಲೆಮೇಲೆ ಮುಚ್ಚುವ ವೈದ್ಯ ರೋಗಿಯ ಮಿತ್ರನಲ್ಲ. ಹಾಗೆಂದು ರೋಗಿಯನ್ನು ಬೀದಿಗೆ ತಳ್ಳುವವನು ವೈದ್ಯನೇ ಅಲ್ಲ.

ಅದೇ ವರ್ಷ ಕಾರ್ಥೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರು ಪ್ರತಿಯೊಬ್ಬರ ಪರಿಸ್ಥಿತಿಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂದು ತೀರ್ಮಾನಿಸಿದರು. ಪತ್ರ ಮಾತ್ರ ಪಡೆದವರನ್ನು ವಿಚಾರಣೆಯ ನಂತರ ಸೇರಿಸಿಕೊಳ್ಳಬಹುದು. ಬಲಿ ಅರ್ಪಿಸಿದವರು ದೀರ್ಘಕಾಲ ಪ್ರಾಯಶ್ಚಿತ್ತ ಮಾಡಬೇಕು, ಆದರೆ ಮರಣಕಾಲದಲ್ಲಿ ಅವರಿಗೂ ಸಮಾಧಾನ ನಿರಾಕರಿಸಬಾರದು. ಸ್ವಲ್ಪ ಕಾಲದಲ್ಲೇ ಇನ್ನೊಂದು ಹಿಂಸೆಯ ಸುಳಿವು ಸಿಕ್ಕಿತು. ಆಗ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಪ್ರಾಯಶ್ಚಿತ್ತದಲ್ಲಿ ನಿರತರಾಗಿದ್ದ ಎಲ್ಲರನ್ನೂ ಸೇರಿಸಿಕೊಂಡರು. ಕಾರಣ ಹೃದಯ ಮುಟ್ಟುವಂಥದ್ದು: ಕ್ರಿಸ್ತರಿಗಾಗಿ ರಕ್ತ ಸುರಿಸಿರೆಂದು ಕೇಳುವ ಮೊದಲು ಅವರಿಗೆ ಕ್ರಿಸ್ತರ ರಕ್ತವನ್ನು ಕೊಡಬೇಡವೇ? ದುರ್ಬಲರಿಗೆ ಬಲ ಎಲ್ಲಿಂದ ಬರಬೇಕು?

ಗಮನಿಸಿ, ಧರ್ಮಸಭೆ ಪಾಪವನ್ನು ಹಗುರವೆಂದು ಹೇಳಲಿಲ್ಲ. ಪಾಪಿಯನ್ನು ಪರರವನೆಂದೂ ಹೇಳಲಿಲ್ಲ. ದೇವರ ಕರುಣೆ ಎಂದರೆ ಇದೇ. ಅದು ಬಾಗಿಲನ್ನೂ ತೆರೆಯುತ್ತದೆ, ನಡೆಯಬೇಕಾದ ದಾರಿಯನ್ನೂ ತೋರಿಸುತ್ತದೆ.

ತಾಪ ಮಾತ್ರ ಸಾಲದು

‘ಪಶ್ಚಾತ್ತಾಪ’ ಎಂಬ ಪದದ ಅರ್ಥ ‘ಆಮೇಲಿನ ಬೇಗೆ’. ಶುಭಸಂದೇಶದ ಮೂಲ ಗ್ರೀಕ್ ಪದವಾದ ‘ಮೆತನೋಯ’ ಇನ್ನೂ ಮುಂದೆ ಹೋಗುತ್ತದೆ. ಅದರ ಅರ್ಥ ಮನಸ್ಸೇ ತಿರುಗುವುದು. ಯೂದನಿಗೆ ಬೇಗೆಯಿತ್ತು. ತಾನು ಪಾಪ ಮಾಡಿದೆನೆಂದು ಒಪ್ಪಿಕೊಂಡ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ಆದರೆ ಅದನ್ನೆಲ್ಲ ಮುಖ್ಯಯಾಜಕರ ಮುಂದೆ ಮಾಡಿದ, ಯೇಸುವಿನ ಕಡೆಗೆ ತಿರುಗಲಿಲ್ಲ. ಅವನ ಕೊನೆಯ ತೀರ್ಪು ದೇವರಿಗೆ ಬಿಟ್ಟದ್ದು. ಪೇತ್ರನೂ ಮೂರು ಸಲ ಪ್ರಭುವನ್ನು ಅಲ್ಲಗಳೆದ. ಆದರೆ ಯೇಸು ತಿರುಗಿ ನೋಡಿದಾಗ ಆ ನೋಟಕ್ಕೆ ಸಿಕ್ಕಿ ಕರಗಿಹೋದ, ಹೊರಗೆ ಹೋಗಿ ವ್ಯಥೆಯಿಂದ ಅತ್ತ. ತನ್ನ ಪಾಪವನ್ನೇ ನೋಡುತ್ತ ಕೂತವನಿಗೆ ನಿರಾಶೆ. ಪ್ರಭುವಿನ ಮುಖ ನೋಡಿದವನಿಗೆ ಕಣ್ಣೀರು, ಕಣ್ಣೀರಿನ ಹಿಂದೆಯೇ ಬಿಡುಗಡೆ.

ದೇವರ ಮೇಲಿನ ಪ್ರೀತಿಯಿಂದ ಹುಟ್ಟುವ ದುಃಖವನ್ನು ಪರಿಪೂರ್ಣ ಪಶ್ಚಾತ್ತಾಪವೆಂದೂ, ಶಿಕ್ಷೆಯ ಭಯದಿಂದ ಅಥವಾ ಪಾಪದ ಹೇಸಿಗೆಯಿಂದ ಹುಟ್ಟುವುದನ್ನು ಅಪರಿಪೂರ್ಣ ಪಶ್ಚಾತ್ತಾಪವೆಂದೂ ಧರ್ಮಸಭೆ ಬೋಧಿಸುತ್ತದೆ. ಎರಡನೆಯದೂ ದೇವರ ವರವೇ ಎಂದು ಟ್ರೆಂಟ್ ಮಹಾಸಭೆ 1551ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ‘ನನ್ನಲ್ಲಿ ಭಯವಿದೆ, ಅಷ್ಟು ಪ್ರೀತಿಯಿಲ್ಲ’ ಎಂದು ಪಾಪನಿವೇದನೆಯನ್ನು ಮುಂದೂಡಬೇಡಿ. ಭಯದಿಂದಲೇ ಬನ್ನಿ, ಈ ಸಂಸ್ಕಾರದಲ್ಲಿ ಪ್ರಭು ನಿಮ್ಮನ್ನು ಕ್ಷಮಿಸಿ ಪ್ರೀತಿಯನ್ನು ಕಲಿಸುತ್ತಾರೆ.

ಪ್ರಾರ್ಥನೆಯ ಪಾಲು

ಸಂತ ಸಿಪ್ರಿಯನ್‌ರು ಪ್ರಭು ಕಲಿಸಿದ ಪ್ರಾರ್ಥನೆಯ ಬಗ್ಗೆಯೂ ಒಂದು ಗ್ರಂಥ ಬರೆದಿದ್ದಾರೆ. ಆ ಪ್ರಾರ್ಥನೆಯಲ್ಲಿ ದೇವರನ್ನು ‘ನನ್ನ’ ತಂದೆ ಎಂದು ಕರೆಯದೆ ‘ನಮ್ಮ’ ತಂದೆ ಎಂದು ಕರೆಯುವುದನ್ನು ಅವರು ಎತ್ತಿ ತೋರಿಸುತ್ತಾರೆ. ನಾವು ಒಬ್ಬರಿಗಾಗಿ ಬೇಡುವುದಿಲ್ಲ, ಎಲ್ಲರಿಗಾಗಿ ಬೇಡುತ್ತೇವೆ. ದಿನದಿನವೂ ಕ್ಷಮೆ ಕೇಳಬೇಕೆಂದು ಪ್ರಭು ಕಲಿಸಿರುವುದರಿಂದ, ದಿನದಿನವೂ ಪಾಪ ಮಾಡುವವರು ನಾವು ಎಂಬುದೂ ತಿಳಿಯುತ್ತದೆ. ಆ ‘ನಮ್ಮ’ ಎಂಬ ಮಾತಿನೊಳಗೆ ದಾರಿತಪ್ಪಿದ ಮಗನೂ ಇದ್ದಾನೆ, ಅವನ ಮೇಲೆ ಕೋಪಗೊಂಡ ಅಣ್ಣನೂ ಇದ್ದಾನೆ. ಇಬ್ಬರಲ್ಲಿ ಒಬ್ಬನನ್ನು ಹೊರಗಿಟ್ಟು ಆ ಪ್ರಾರ್ಥನೆಯನ್ನು ಮುಗಿಸುವುದು ಸಾಧ್ಯವೇ?

ನಮ್ಮ ಮನೆಗಳಲ್ಲಿ

ಕುಡಿತಕ್ಕೆ ಬಿದ್ದು ಮನೆಯನ್ನು ಕಣ್ಣೀರಲ್ಲಿ ಮುಳುಗಿಸಿದ ಗಂಡ, ಆಸ್ತಿಯ ಜಗಳದಲ್ಲಿ ಒಡಹುಟ್ಟಿದವರಿಗೆ ಮೋಸ ಮಾಡಿದ ತಮ್ಮ, ಹೇಳದೆ ಕೇಳದೆ ಮನೆ ಬಿಟ್ಟು ಹೋದ ಮಗಳು. ಇಂಥವರು ತಿರುಗಿ ಬಂದಾಗ ನಮ್ಮ ಮನೆಗಳಲ್ಲೂ ಆ ಎರಡು ಗುಂಪುಗಳು ಏಳುತ್ತವೆ. ‘ಆದದ್ದಾಯಿತು, ಬಿಡಿ’ ಎಂದು ಎಲ್ಲವನ್ನೂ ಮುಚ್ಚಿಹಾಕುವವರು ಕೆಲವರು. ‘ಹೊಸ್ತಿಲು ತುಳಿಯಬೇಡ’ ಎನ್ನುವವರು ಕೆಲವರು. ಬಂದವರಿಗೆ ಮೊದಲು ಕೂರಲು ಜಾಗ ಕೊಡಿ, ಊಟ ಹಾಕಿ. ಆಮೇಲೆ ಸತ್ಯವನ್ನು ಮಾತಾಡಿ. ಮೋಸ ಮಾಡಿದವನು ಹಣ ಹಿಂದಿರುಗಿಸಲಿ, ಕುಡಿದವನು ಚಿಕಿತ್ಸೆ ಪಡೆಯಲಿ. ಹೊಡೆತ ತಿಂದ ಹೆಂಡತಿ, ಮಕ್ಕಳು ಮತ್ತೆ ಅಪಾಯಕ್ಕೆ ಸಿಲುಕದಂತೆ ಎಚ್ಚರವಹಿಸಿ. ಕ್ಷಮಿಸುವುದೆಂದರೆ ಹೊಡೆತವನ್ನು ಸಹಿಸುತ್ತಿರುವುದಲ್ಲ. ಪ್ರಾಯಶ್ಚಿತ್ತ ಅವಮಾನವಲ್ಲ, ಅದು ಬಿದ್ದವನು ಎದ್ದು ನಿಲ್ಲಲು ಹಿಡಿಯುವ ಕೈಗೋಲು.

ವರ್ಷಗಳಿಂದ ಪಾಪನಿವೇದನೆಗೆ ಹೋಗದವರಿಗೆ ಒಂದು ಮಾತು. ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಹಾಗೆ ಮಾಡೆನೆಂಬ ದೃಢಸಂಕಲ್ಪ, ಗುರುಗಳ ಮುಂದೆ ನಿವೇದನೆ, ಅವರು ವಿಧಿಸಿದ ಪ್ರಾಯಶ್ಚಿತ್ತ, ಈ ಐದು ಹೆಜ್ಜೆಗಳು ನಿಮಗೆ ಧರ್ಮೋಪದೇಶದ ತರಗತಿಯಿಂದಲೇ ಗೊತ್ತು. ಮಾತು ಮರೆತಿದ್ದರೆ ಗುರುಗಳಿಗೆ ಹೇಳಿ, ಅವರು ನೆರವಾಗುತ್ತಾರೆ. ನೀವು ಹೇಳಿದ್ದು ಯಾವ ಕಾರಣಕ್ಕೂ ಹೊರಗೆ ಬೀಳುವುದಿಲ್ಲ.

ಹಿಂಸೆಗೆ ಹೆದರಿ ಬಿದ್ದವರಿಗೆ ದಾರಿ ತೋರಿಸಿದ ಸಿಪ್ರಿಯನ್‌ರು 258ರ ಸೆಪ್ಟೆಂಬರ್ 14ರಂದು ಅದೇ ಕಾರ್ಥೇಜಿನಲ್ಲಿ ಕತ್ತಿಗೆ ಕೊರಳೊಡ್ಡಿದರು. ಕೊರ್ನೇಲಿಯುಸ್‌ರ ಜೊತೆಗೆ ಅವರ ಹಬ್ಬವನ್ನು ನಾವು ಸೆಪ್ಟೆಂಬರ್ 16ರಂದು ಆಚರಿಸುತ್ತೇವೆ. ವಿಶ್ವಾಸದಲ್ಲಿ ಕೊನೆಯವರೆಗೂ ಗಟ್ಟಿಯಾಗಿ ನಿಂತವರೇ ಬಿದ್ದವರ ಕೈಹಿಡಿದು ಎತ್ತಿದರು ಎಂಬುದನ್ನು ಮರೆಯದಿರೋಣ.

ಮನೆಯವರೆಲ್ಲ ಕೂಡಿ ಚಿಂತಿಸಿ

1. ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಯಾರ ಹೆಸರನ್ನು ಹೇಳುವುದನ್ನೇ ನಿಲ್ಲಿಸಿದ್ದೇವೆ?

2. ತಪ್ಪು ಒಪ್ಪಿಕೊಂಡ ಮಗುವಿಗೆ ನಮ್ಮ ಮೊದಲ ಮಾತು ಏನಾಗಿರುತ್ತದೆ?

3. ನಾನು ಹಿಂದಿರುಗಿಸಬೇಕಾದದ್ದು, ಸರಿಪಡಿಸಬೇಕಾದದ್ದು ಏನಾದರೂ ಉಳಿದಿದೆಯೇ?